ಕಲಾಸಂಸ್ಥೆಗಳೂ ಅಂತರ್ಜಾಲವೂ: ಒಂದು ಡಚ್ ಸಂಗ್ರಹಾಲಯದ ನಿದರ್ಶನ

ಕಲಾಕೃತಿಯನ್ನು ಕಾಪಾಡುವುದು ಹಾಗೂ ಅದನ್ನು ಜನರಿಗೆ ತೋರಿಸುವುದು, ಇವೆರಡೂ ಕಲಾಸಂಗ್ರಹಾಲಯದ ಆದ್ಯ ಕರ್ತವ್ಯಗಳು. ಮೇಲುನೋಟಕ್ಕೆ ಇವು ಒಂದಕ್ಕೊಂದು ಪೂರಕವೆಂದು ತೋರಿದರೂ ಆಚರಣೆಯಲ್ಲಿ ಇವುಗಳ ನಡುವೆ ತಿಕ್ಕಾಟ ತಪ್ಪಿದ್ದಲ್ಲ. ಬೆಳಕು ಬಿದ್ದಷ್ಟೂ ಬಣ್ಣ ಮಾಸುತ್ತದೆ. ಕೈ ಸೋಕಿದಷ್ಟೂ ಕಾಗದ ಜೀರ್ಣವಾಗುತ್ತದೆ. ಜನರ ಉಸಿರಿನ ತೇವವೇ ಹಳೆಯ ಚಿತ್ರಪಟಕ್ಕೆ ಕೇಡನ್ನು ತರಬಲ್ಲದು. ಆದುದರಿಂದ ಕಾಪಾಡುವವನು ಬಾಗಿಲು ಮುಚ್ಚಬಯಸುತ್ತಾನೆ, ತೋರಿಸುವವನು ಬಾಗಿಲು ತೆರೆಯಬಯಸುತ್ತಾನೆ. ಈ ಎರಡು ಬಯಕೆಗಳ ನಡುವೆ ಲೋಕದ ದೊಡ್ಡ ದೊಡ್ಡ ಸಂಗ್ರಹಾಲಯಗಳೆಲ್ಲ ತಮ್ಮ ನಿಧಿಯ ಬಹುಭಾಗವನ್ನು ಕತ್ತಲೆಯ ಕೋಣೆಗಳಲ್ಲಿ ಇರಿಸಿಕೊಂಡು, ಅತ್ಯಲ್ಪ ಭಾಗವನ್ನು ಮಾತ್ರ ಗೋಡೆಯ ಮೇಲೆ ತೂಗುಹಾಕುತ್ತ ಬಂದಿವೆ.

ಅಂತರ್ಜಾಲ ಹಾಗೂ ಡಿಜಿಟಲ್ ತಂತ್ರಜ್ಞಾನ ಈ ಹಳೆಯ ತಿಕ್ಕಾಟಕ್ಕೆ ಒಂದು ಹೊಸ ದಾರಿಯನ್ನು ತೋರಿಸಿವೆ. ಮೂಲಕೃತಿಯು ಕತ್ತಲೆಯಲ್ಲಿ ಸುರಕ್ಷಿತವಾಗಿ ವಿಶ್ರಮಿಸುತ್ತಿರುವಾಗಲೇ ಅದರ ಬಿಂಬವು ಸಾವಿರಾರು ಮೈಲಿಗಳಾಚೆಯ ಶಾಲಾಕೊಠಡಿಯನ್ನು ತಲಪಬಲ್ಲದು. ಆದರೆ ಯಂತ್ರವು ದಾರಿಯನ್ನು ತೋರಿಸಿತೆಂದ ಮಾತ್ರಕ್ಕೆ ಸಂಸ್ಥೆಗಳು ಆ ದಾರಿಯಲ್ಲಿ ನಡೆದವೆಂದು ಹೇಳಲಾಗದು. ಬಿಂಬವನ್ನು ಯಾರಿಗೆ ಕೊಡಬೇಕು, ಎಷ್ಟು ಸ್ಪಷ್ಟವಾಗಿ ಕೊಡಬೇಕು, ಬೆಲೆಗೆ ಕೊಡಬೇಕೋ ಉಚಿತವಾಗಿ ಕೊಡಬೇಕೋ ಎಂಬ ಪ್ರಶ್ನೆಗಳಿಗೆ ಯಂತ್ರದಲ್ಲಿ ಉತ್ತರವಿಲ್ಲ; ಸಂಸ್ಥೆಯನ್ನು ನಡೆಸುವವರ ಮನಸ್ಸಿನಲ್ಲಿಯೇ ಅದು ಹುಟ್ಟಬೇಕು. ಈ ಮಾತಿಗೆ ಅತ್ಯುತ್ತಮ ನಿದರ್ಶನವಾಗಿ ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿರುವ ರೈಕ್ಸ್‌ಮ್ಯೂಸಿಯಂನ ಅನುಭವವನ್ನು ಇಲ್ಲಿ ಪರಿಶೀಲಿಸಬಹುದು.

ಸಂಗ್ರಹಾಲಯದ ಹಿನ್ನೆಲೆ

'ರೈಕ್ಸ್‌ಮ್ಯೂಸಿಯಂ' ಎಂದರೆ ಡಚ್ ಭಾಷೆಯಲ್ಲಿ ರಾಷ್ಟ್ರದ ಸಂಗ್ರಹಾಲಯ ಎಂದರ್ಥ. 1800ರಲ್ಲಿ ಹೇಗ್ ನಗರದಲ್ಲಿ ಪ್ರಾರಂಭವಾದ ಈ ಸಂಗ್ರಹವು 1808ರಲ್ಲಿ, ನೆಪೋಲಿಯನ್ನನ ಸೋದರನೂ ಅಂದಿನ ಹಾಲೆಂಡಿನ ದೊರೆಯೂ ಆಗಿದ್ದ ಲೂಯಿ ಬೊನಪಾರ್ಟನ ಅಪ್ಪಣೆಯಂತೆ ಆಮ್‌ಸ್ಟರ್‌ಡ್ಯಾಮಿಗೆ ಬಂದಿತು. ಈಗಿರುವ ಭವ್ಯ ಕಟ್ಟಡವು ವಾಸ್ತುಶಿಲ್ಪಿ ಪಿಯರ್ ಕೈಪರ್ಸನ ಕೃತಿಯಾಗಿದ್ದು 1885ರಲ್ಲಿ ಉದ್ಘಾಟನೆಗೊಂಡಿತು. ರೆಂಬ್ರಾಂಟ್, ವರ್ಮೀರ್ ಮೊದಲಾದ ಹದಿನೇಳನೆಯ ಶತಮಾನದ ಡಚ್ ಚಿತ್ರಕಾರರ ಶ್ರೇಷ್ಠ ಕೃತಿಗಳು ಇಲ್ಲಿವೆ. ಸಂಗ್ರಹದಲ್ಲಿ ಸುಮಾರು ಹತ್ತು ಲಕ್ಷ ವಸ್ತುಗಳಿದ್ದು, ಪ್ರದರ್ಶನದಲ್ಲಿರುವವು ಸುಮಾರು 8,000 ಮಾತ್ರ. ಎಂದರೆ ನೂರರಲ್ಲಿ ಒಂದರಷ್ಟೂ ಪ್ರೇಕ್ಷಕನ ಕಣ್ಣಿಗೆ ಬೀಳುವುದಿಲ್ಲ.

2003ರಲ್ಲಿ ಈ ಕಟ್ಟಡದ ಜೀರ್ಣೋದ್ಧಾರ ಕಾರ್ಯವು ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಕೆಲಸವು ನಾನಾ ಅಡೆತಡೆಗಳಿಗೆ ಸಿಲುಕಿ ಹತ್ತು ವರ್ಷಗಳ ಕಾಲ ಸಾಗಿತು. ಒಟ್ಟು 37 ಕೋಟಿ 50 ಲಕ್ಷ ಯೂರೋಗಳು ವೆಚ್ಚವಾದುವು. ಆ ಹತ್ತು ವರ್ಷಗಳಲ್ಲಿ ಒಂದು ಪಾರ್ಶ್ವ ಮಾತ್ರ ತೆರೆದಿದ್ದು, ಆಯ್ದ ಕೆಲವು ನೂರು ಕೃತಿಗಳನ್ನಷ್ಟೇ ಅಲ್ಲಿ ನೋಡಬಹುದಾಗಿತ್ತು. ರಾಷ್ಟ್ರದ ಸೊತ್ತು ರಾಷ್ಟ್ರದ ಜನರಿಗೇ ಕಾಣದಂತಾಯಿತು. ಬಾಗಿಲು ಮುಚ್ಚಿದ ಸಂಗ್ರಹಾಲಯವು ಜನರ ಮನಸ್ಸಿನಲ್ಲಿ ಉಳಿಯುವುದು ಹೇಗೆ ಎಂಬ ಚಿಂತೆ ಅಲ್ಲಿನ ಆಡಳಿತಗಾರರನ್ನು ಕಾಡಿದುದು ಸಹಜ.

ಹಳದಿಗಟ್ಟಿದ ಸೇವಕಿ

ಇದೇ ಕಾಲದಲ್ಲಿ ಒಂದು ವಿಚಿತ್ರ ಸಂಗತಿ ಬೆಳಕಿಗೆ ಬಂದಿತು. ವರ್ಮೀರನು ಸುಮಾರು 1660ರಲ್ಲಿ ರಚಿಸಿದ 'ಹಾಲು ಹೊಯ್ಯುವ ಸೇವಕಿ' ಎಂಬ ಚಿತ್ರವು ಈ ಸಂಗ್ರಹಾಲಯದ ಅನರ್ಘ್ಯ ರತ್ನಗಳಲ್ಲೊಂದು. ಅದರ ಅಳತೆ ಒಂದೂವರೆ ಅಡಿಯನ್ನೂ ಮುಟ್ಟುವುದಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ನಿಂತ ಹೆಣ್ಣೊಬ್ಬಳು ಮಣ್ಣಿನ ಹೂಜಿಯಿಂದ ಪಾತ್ರೆಗೆ ಹಾಲನ್ನು ಬಗ್ಗಿಸುತ್ತಿದ್ದಾಳೆ. ಮೇಜಿನ ಮೇಲೆ ರೊಟ್ಟಿಯ ತುಂಡುಗಳಿವೆ. ಹಿಂದೆ ಬಿಳಿಯ ಗೋಡೆ. ಹಳದಿಯ ಕುಪ್ಪಸ, ನೀಲಿಯ ಮುಂಗಚ್ಚೆ, ಗೋಡೆಯ ಮೇಲೆ ಹರಡಿದ ತಂಪಾದ ಹಗಲಿನ ಬೆಳಕು, ಇವುಗಳ ಸಾಮರಸ್ಯದಲ್ಲಿಯೇ ಆ ಚಿತ್ರದ ಜೀವವಿದೆ.

ಸಂಗ್ರಹಾಲಯದವರು ಅಂತರ್ಜಾಲದಲ್ಲಿ ಹುಡುಕಿ ನೋಡಿದಾಗ ಈ ಚಿತ್ರದ ಹತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಅಲ್ಲಲ್ಲಿ ಹರಡಿರುವುದು ಕಂಡುಬಂದಿತು. ಅವುಗಳಲ್ಲಿ ಬಹುಪಾಲು ಕಳಪೆ ಪ್ರತಿಗಳು. ಹಳೆಯ ಪುಸ್ತಕಗಳಿಂದ ತೆಗೆದವು ಕೆಲವು, ಮಬ್ಬು ಬೆಳಕಿನಲ್ಲಿ ಹಿಡಿದವು ಕೆಲವು. ಅನೇಕವುಗಳಲ್ಲಿ ಗೋಡೆಯೂ ಹಾಲೂ ಹೆಣ್ಣಿನ ಮುಖವೂ ಒಂದೇ ಸಮನಾಗಿ ಹಳದಿಗಟ್ಟಿದ್ದುವು. ಇಂತಹ ಪ್ರತಿಗಳನ್ನೇ ನೋಡಿ ರೂಢಿಯಾದ ಜನರು ಸಂಗ್ರಹಾಲಯಕ್ಕೆ ಬಂದಾಗ, ಅಲ್ಲಿನ ಅಂಗಡಿಯಲ್ಲಿ ಮಾರುತ್ತಿದ್ದ, ಮೂಲದ ಬಣ್ಣವನ್ನೇ ಹೊತ್ತ ಕಾರ್ಡುಗಳನ್ನು ನೋಡಿ ಇದು ನಿಜವಾದ ಚಿತ್ರದ ಪ್ರತಿಯಲ್ಲವೆಂದು ಸಂಶಯಪಡತೊಡಗಿದರು. ನಕಲು ನಿಜವೆನಿಸಿ, ನಿಜವು ನಕಲೆನಿಸಿದ ಈ ವಿಪರ್ಯಾಸವು 2011ರಲ್ಲಿ ಯೂರೋಪಿನ ಗ್ರಂಥಾಲಯ, ಸಂಗ್ರಹಾಲಯಗಳ ಒಕ್ಕೂಟವಾದ ಯೂರೋಪಿಯಾನಾ ಪ್ರಕಟಿಸಿದ ಒಂದು ಪ್ರಬಂಧಕ್ಕೆ ವಸ್ತುವಾಗಿ ಲೋಕಪ್ರಸಿದ್ಧವಾಯಿತು.

ಇದರಿಂದ ಹೊರಟ ತಿಳಿವಳಿಕೆಯು ಸರಳವಾದುದು, ಆದರೆ ಕ್ರಾಂತಿಕಾರಕವಾದುದು. ಸಂಗ್ರಹಾಲಯವು ಉತ್ತಮ ಬಿಂಬವನ್ನು ಬಚ್ಚಿಟ್ಟುಕೊಂಡುದರಿಂದ ಕೃತಿಯ ರಕ್ಷಣೆಯಾಗಿರಲಿಲ್ಲ. ಕೆಟ್ಟ ಬಿಂಬಗಳು ಮೆರೆಯಲು ಅವಕಾಶವಾಗಿತ್ತು, ಅಷ್ಟೆ. ಖಾಲಿ ಬಿಟ್ಟ ಹೊಲದಲ್ಲಿ ಕಳೆ ಬೆಳೆಯುವುದು ನಿಸರ್ಗದ ನಿಯಮ. ಕಳೆಯನ್ನು ತಡೆಯಬೇಕಾದರೆ ಒಳ್ಳೆಯ ಬೀಜವನ್ನೇ ಬಿತ್ತಬೇಕು. ಹೀಗೆ ಯೋಚಿಸಿದ ಆಡಳಿತವು ತನ್ನಲ್ಲಿದ್ದ ಅತ್ಯುತ್ತಮ ಛಾಯಾಚಿತ್ರಗಳನ್ನೇ ಸಾರ್ವಜನಿಕರಿಗೆ ಒಪ್ಪಿಸಲು ನಿಶ್ಚಯಿಸಿತು.

ಬಿಂಬವು ಸಿದ್ಧವಾಗುವ ಬಗೆ

ಮುಂದಿನ ಕಥೆಯನ್ನು ಅರಿಯಬೇಕಾದರೆ ಡಿಜಿಟಲ್ ಬಿಂಬವೆಂದರೇನೆಂಬುದನ್ನು ಸ್ಥೂಲವಾಗಿ ತಿಳಿಯಬೇಕು. ಡಿಜಿಟಲ್ ಕ್ಯಾಮೆರಾವು ಚಿತ್ರವನ್ನು ಅತಿಸೂಕ್ಷ್ಮ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣವೆಷ್ಟೆಂಬುದನ್ನು ಅಂಕಿಗಳಲ್ಲಿ ಬರೆದಿಡುತ್ತದೆ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ರಂಗೋಲಿಯನ್ನು ಚುಕ್ಕಿಗಳ ಲೆಕ್ಕದಲ್ಲಿ ನೆನಪಿಡುವಂತೆಯೇ ಇದು. ಚುಕ್ಕಿಗಳು ಹೆಚ್ಚಿದಷ್ಟೂ ರೇಖೆಗಳು ಸ್ಪಷ್ಟವಾಗುತ್ತವೆ. ಛಾಯಾಚಿತ್ರದ ಪ್ರತಿಯನ್ನು ತೆಗೆದು, ಆ ಪ್ರತಿಯ ಪ್ರತಿಯನ್ನು ತೆಗೆದರೆ ಬಿಂಬವು ಹಂತಹಂತವಾಗಿ ಮಸುಕಾಗುತ್ತಿದ್ದುದು ಹಿಂದಿನ ಪದ್ಧತಿ. ಅಂಕಿಗಳನ್ನು ಎಷ್ಟು ಸಲ ನಕಲು ಮಾಡಿದರೂ ಅವು ಬದಲಾಗುವುದಿಲ್ಲವಾದುದರಿಂದ ಡಿಜಿಟಲ್ ಬಿಂಬದ ಹತ್ತು ಸಾವಿರದ ಪ್ರತಿಯೂ ಮೊದಲನೆಯದರಷ್ಟೇ ಶುದ್ಧವಾಗಿ ಉಳಿಯಬಲ್ಲದು.

ಆದರೆ ಬಿಂಬ ಮಾತ್ರದಿಂದ ಪ್ರಯೋಜನವಿಲ್ಲ. ಕೃತಿಯ ಹೆಸರು, ಕರ್ತೃ, ಕಾಲ, ಅಳತೆ, ಬಳಸಿದ ದ್ರವ್ಯ, ಸಂಗ್ರಹಕ್ಕೆ ಬಂದ ಬಗೆ, ಚಿತ್ರದಲ್ಲಿರುವ ವ್ಯಕ್ತಿಗಳು, ಸ್ಥಳಗಳು, ಪ್ರಾಣಿಗಳು, ಗಿಡಮರಗಳು, ಇವೆಲ್ಲವನ್ನೂ ವಿವರಣೆಯಾಗಿ ಅದಕ್ಕೆ ಜೋಡಿಸಬೇಕು. ಈ ವಿವರಣೆಯಿಲ್ಲದ ಲಕ್ಷ ಚಿತ್ರಗಳ ರಾಶಿಯು ಸೂಚಿಯಿಲ್ಲದ ಗ್ರಂಥಭಂಡಾರದಂತೆ. ಎಲ್ಲವೂ ಇದ್ದು ಏನೂ ಸಿಗದು. ಕ್ಯಾಮೆರಾದ ಕೆಲಸ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ವಿವರಣೆಯ ಕೆಲಸಕ್ಕೆ ಮಾತ್ರ ವಿದ್ವಾಂಸರ ವರ್ಷಗಟ್ಟಲೆಯ ಶ್ರಮ ಬೇಕು. ಅಂತರ್ಜಾಲದಲ್ಲಿ ಚಿತ್ರವನ್ನು ಕ್ಷಣದಲ್ಲಿ ಹುಡುಕಿ ತೆಗೆಯುವ ವಿದ್ಯಾರ್ಥಿಗೆ ಈ ಶ್ರಮವು ಕಾಣುವುದಿಲ್ಲವಾದರೂ ಆ ಸೌಲಭ್ಯದ ತಳಹದಿಯು ಅದೇ ಆಗಿದೆ.

ಉಚಿತ ದಾನದ ಲೆಕ್ಕಾಚಾರ

2012ರ ಅಕ್ಟೋಬರಿನಲ್ಲಿ ರೈಕ್ಸ್‌ಮ್ಯೂಸಿಯಂ 'ರೈಕ್ಸ್‌ಸ್ಟುಡಿಯೊ' ಎಂಬ ಹೆಸರಿನಲ್ಲಿ 1,25,000 ಕೃತಿಗಳ ಬಿಂಬಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿತು. ಯಾರು ಬೇಕಾದರೂ ಅವುಗಳನ್ನು ನೋಡಬಹುದು, ದೊಡ್ಡದು ಮಾಡಿ ಪರಿಶೀಲಿಸಬಹುದು, ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಚಿತ್ರದ ಒಂದು ಭಾಗವನ್ನು ಮಾತ್ರ ಕತ್ತರಿಸಿಕೊಂಡು ಬಟ್ಟೆಯ ಮೇಲೋ ಗೋಡೆಯ ಮೇಲೋ ಅಚ್ಚುಹಾಕಿಸಬಹುದು. ವ್ಯಾಪಾರಕ್ಕೆ ಬಳಸಿದರೂ ಆಕ್ಷೇಪವಿಲ್ಲ. ಚಿತ್ರಕಾರರು ತೀರಿಕೊಂಡು ಶತಮಾನಗಳೇ ಕಳೆದಿರುವುದರಿಂದ ಆ ಕೃತಿಗಳ ಮೇಲೆ ಕೃತಿಸ್ವಾಮ್ಯವಿಲ್ಲ; ಅವು ಲೋಕದ ಸೊತ್ತು; ಅವುಗಳ ಛಾಯಾಚಿತ್ರ ತೆಗೆದ ಮಾತ್ರಕ್ಕೆ ಸಂಗ್ರಹಾಲಯಕ್ಕೆ ಹೊಸ ಹಕ್ಕು ಹುಟ್ಟಬಾರದು ಎಂಬುದು ಅವರ ನಿಲುವಾಗಿತ್ತು. ಏಳು ವರ್ಷಗಳ ತರುವಾಯ, 2019ರಲ್ಲಿ, ಯೂರೋಪ್ ಒಕ್ಕೂಟವು ತನ್ನ ಕೃತಿಸ್ವಾಮ್ಯ ನಿರ್ದೇಶನದ 14ನೆಯ ವಿಧಿಯಲ್ಲಿ ಈ ತತ್ತ್ವಕ್ಕೆ ಶಾಸನದ ಬಲವನ್ನು ಕೊಟ್ಟಿತು.

ಈ ತೀರ್ಮಾನವು ನಿರಾತಂಕವಾಗಿ ಬಂದುದಲ್ಲ. ಪುಸ್ತಕ ಪ್ರಕಾಶಕರೂ ಜಾಹೀರಾತುದಾರರೂ ಚಿತ್ರಗಳಿಗಾಗಿ ತೆರುತ್ತಿದ್ದ ಶುಲ್ಕವು ಅನೇಕ ಸಂಗ್ರಹಾಲಯಗಳಿಗೆ ಆದಾಯದ ಒಂದು ಬಾಬು. ಅದನ್ನು ಬಿಟ್ಟುಕೊಟ್ಟರೆ ಸಂಸ್ಥೆಯ ಗತಿಯೇನೆಂಬ ಆತಂಕವು ರೈಕ್ಸ್‌ಮ್ಯೂಸಿಯಂನಲ್ಲಿಯೂ ಇದ್ದಿತು. ಅದಕ್ಕಾಗಿ ಅವರು ಮೊದಲು ಮಧ್ಯಮದರ್ಜೆಯ ಬಿಂಬವನ್ನು ಉಚಿತವಾಗಿಯೂ ಅತ್ಯುಚ್ಚ ದರ್ಜೆಯ ಬಿಂಬವನ್ನು 40 ಯೂರೋ ಶುಲ್ಕಕ್ಕೂ ಕೊಡುವ ಮಧ್ಯಮಮಾರ್ಗವನ್ನು ಹಿಡಿದರು. ಆಗ ನಡೆದುದು ನಿರೀಕ್ಷೆಗೆ ವಿರುದ್ಧವಾಗಿತ್ತು. ಉಚಿತ ಬಿಂಬಗಳು ಜನರ ಕಣ್ಣಿಗೆ ಬಿದ್ದಂತೆಲ್ಲ ಉತ್ತಮ ದರ್ಜೆಯ ಬಿಂಬಗಳಿಗೆ ಬೇಡಿಕೆ ಹೆಚ್ಚಿ, ಮಾರಾಟದ ಆದಾಯವು ಇಳಿಯುವ ಬದಲು ಏರಿತು. 2012ರಲ್ಲಿ ಅದು ಸುಮಾರು 1,80,000 ಯೂರೋಗಳನ್ನು ಮುಟ್ಟಿತು. ಆದರೂ ಸಂಸ್ಥೆಯ ಒಟ್ಟು ಆದಾಯದಲ್ಲಿ ಇದು ನೂರಕ್ಕೆ ಒಂದರಷ್ಟೂ ಇರಲಿಲ್ಲ. ಇಷ್ಟು ಹಣಕ್ಕಾಗಿ ಅರ್ಜಿಗಳನ್ನು ಸ್ವೀಕರಿಸುವುದು, ಬಿಲ್ಲು ಬರೆಯುವುದು, ಪತ್ರವ್ಯವಹಾರ ನಡೆಸುವುದು ಯಾವ ಲಾಭವೆಂದು ಯೋಚಿಸಿ 2013ರಲ್ಲಿ ಅತ್ಯುಚ್ಚ ದರ್ಜೆಯ ಬಿಂಬಗಳನ್ನೂ ಉಚಿತಗೊಳಿಸಿದರು.

ಆಗ ಸಂಗ್ರಹವಿಭಾಗದ ನಿರ್ದೇಶಕರಾಗಿದ್ದು 2016ರಲ್ಲಿ ಪ್ರಧಾನ ನಿರ್ದೇಶಕರಾದ ಟಾಕೊ ಡಿಬ್ಬಿಟ್ಸ್ ಅವರು ಈ ನೀತಿಯನ್ನು ವಿನೋದವಾಗಿ ಸಮರ್ಥಿಸಿದ್ದುಂಟು. ವರ್ಮೀರನ ಚಿತ್ರವನ್ನು ಯಾರಾದರೂ ಶೌಚಗೃಹದ ಕಾಗದದ ಮೇಲೆ ಅಚ್ಚುಹಾಕುವುದೇ ಆದರೆ ಕೆಟ್ಟ ಪ್ರತಿಗಿಂತ ಒಳ್ಳೆಯ ಪ್ರತಿಯನ್ನೇ ಹಾಕಲಿ ಎಂಬುದು ಅವರ ಮಾತಿನ ತಾತ್ಪರ್ಯ. ಮಾತು ಒರಟೆನಿಸಿದರೂ ಅದರ ಹಿಂದಿನ ಧೈರ್ಯವು ಗಮನಾರ್ಹವಾದುದು. ಕೊಟ್ಟ ಮೇಲೆ ತೆಗೆದುಕೊಂಡವನು ಹೇಗೆ ಬಳಸುವನೋ ಎಂಬ ಶಂಕೆಯಿಂದ ಕೊಡುವುದನ್ನೇ ನಿಲ್ಲಿಸುವುದು ಸಂಗ್ರಹಾಲಯದ ಧರ್ಮವಲ್ಲವೆಂದು ಅವರು ಸಾರಿದರು. 2014ರಿಂದ ಈ ಬಿಂಬಗಳನ್ನು ಬಳಸಿ ಹೊಸ ವಸ್ತುಗಳನ್ನು ವಿನ್ಯಾಸಗೊಳಿಸಿದವರಿಗೆ ಸಂಗ್ರಹಾಲಯವೇ ಪ್ರಶಸ್ತಿಯನ್ನು ಕೊಡಲಾರಂಭಿಸಿತು. ಅನಂತರದ ವರ್ಷಗಳಲ್ಲಿ ಅಂತರ್ಜಾಲಕ್ಕೇರಿದ ಬಿಂಬಗಳ ಸಂಖ್ಯೆ ಏಳು ಲಕ್ಷವನ್ನು ಮೀರಿತು.

ಪ್ರೇಕ್ಷಕರು ಕಡಿಮೆಯಾದರೆ?

ಮನೆಯಲ್ಲಿ ಕುಳಿತೇ ಚಿತ್ರವನ್ನು ನೋಡಲು ಸಾಧ್ಯವಾದರೆ ಸಂಗ್ರಹಾಲಯಕ್ಕೆ ಯಾರು ಬರುತ್ತಾರೆ ಎಂಬ ಪ್ರಶ್ನೆಯು ಎಲ್ಲೆಡೆಯೂ ಕೇಳಿಬರುತ್ತದೆ. ಇದಕ್ಕೆ 2023ರ ವರ್ಮೀರ್ ಪ್ರದರ್ಶನವು ಉತ್ತರ ಕೊಟ್ಟಿತೆನ್ನಬಹುದು. ವರ್ಮೀರನದೆಂದು ಸಾಮಾನ್ಯವಾಗಿ ಒಪ್ಪಿರುವ ಚಿತ್ರಗಳು ಸುಮಾರು 37 ಮಾತ್ರ. ಅವುಗಳಲ್ಲಿ 28 ಚಿತ್ರಗಳನ್ನು ಫೆಬ್ರವರಿಯಿಂದ ಜೂನ್‌ವರೆಗೆ ಒಂದೆಡೆ ಪ್ರದರ್ಶಿಸಲಾಯಿತು. ಅದಕ್ಕೆ ಮೊದಲೇ ಆ ಚಿತ್ರಗಳನ್ನು ಅತಿಸೂಕ್ಷ್ಮವಾಗಿ ನೋಡಲು ಅಂತರ್ಜಾಲದಲ್ಲಿ ಉಚಿತ ವ್ಯವಸ್ಥೆಯನ್ನೂ ಮಾಡಲಾಗಿತ್ತು. ಆದರೂ ಪ್ರವೇಶಪತ್ರಗಳು ಕೆಲವೇ ದಿನಗಳಲ್ಲಿ ಮುಗಿದುಹೋದುವು. ಒಟ್ಟು ಆರೂವರೆ ಲಕ್ಷ ಜನರು ಬಂದು ನೋಡಿದರು. ಆ ಸಂಗ್ರಹಾಲಯದ ಇತಿಹಾಸದಲ್ಲಿ ಯಾವ ಪ್ರದರ್ಶನಕ್ಕೂ ಅಷ್ಟು ಜನರು ಬಂದಿರಲಿಲ್ಲ. ಬಿಂಬವನ್ನು ಕಂಡವನಲ್ಲಿ ಮೂಲವನ್ನು ಕಾಣುವ ಹಂಬಲವು ತೀರುವುದಿಲ್ಲ, ಇಮ್ಮಡಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಈ ಮಾರ್ಗದಲ್ಲಿ ಇತರ ಸಂಸ್ಥೆಗಳೂ ನಡೆದುವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು 2017ರಲ್ಲಿ 3,75,000 ಬಿಂಬಗಳನ್ನೂ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯು 2020ರಲ್ಲಿ 28 ಲಕ್ಷ ಬಿಂಬಗಳನ್ನೂ ನಿರ್ಬಂಧವಿಲ್ಲದೆ ಬಿಡುಗಡೆ ಮಾಡಿದುವು. ಇಂದಿಗೂ ಶುಲ್ಕವನ್ನು ಬಿಡದ ಸಂಗ್ರಹಾಲಯಗಳು ಹಲವು ಉಂಟು. ಸರಕಾರದ ನೆರವು ಕುಗ್ಗಿರುವ ಸಂಸ್ಥೆಗಳಿಗೆ ಸಣ್ಣ ಆದಾಯವೂ ದೊಡ್ಡದೇ ಆದುದರಿಂದ ಅವರನ್ನು ಸುಲಭವಾಗಿ ದೂಷಿಸಲಾಗದು.

ಕಣ್ಣಿಗೆ ಕಾಣದುದನ್ನು ಕಾಣಿಸುವ ವಿದ್ಯೆ

ಡಿಜಿಟಲ್ ತಂತ್ರಜ್ಞಾನದ ಪ್ರಯೋಜನವು ಪ್ರಸಾರಕ್ಕಷ್ಟೇ ಸೀಮಿತವಲ್ಲ. ಸಂಶೋಧನೆಗೂ ಅದು ದೊಡ್ಡ ಸಾಧನವಾಗಿದೆ. ರೆಂಬ್ರಾಂಟನು 1642ರಲ್ಲಿ ಪೂರ್ಣಗೊಳಿಸಿದ 'ರಾತ್ರಿಯ ಕಾವಲು' ಎಂಬ ಬೃಹತ್ ಚಿತ್ರವು ಸುಮಾರು ಹದಿನೈದು ಅಡಿ ಅಗಲ, ಹನ್ನೆರಡೂವರೆ ಅಡಿ ಎತ್ತರವಾಗಿದೆ. 2019ರ ಜುಲೈಯಲ್ಲಿ ಇದರ ಕೂಲಂಕಷ ಪರೀಕ್ಷೆಯನ್ನು ಆರಂಭಿಸಿದಾಗ ಚಿತ್ರವನ್ನು ಒಳಕೋಣೆಗೆ ಸಾಗಿಸದೆ, ಪ್ರದರ್ಶನಾಂಗಣದಲ್ಲಿಯೇ ಗಾಜಿನ ಮನೆಯೊಂದನ್ನು ಕಟ್ಟಿ, ಜನರ ಕಣ್ಣೆದುರಿನಲ್ಲಿಯೇ ಕೆಲಸ ನಡೆಸಿದರು. ಅಂತರ್ಜಾಲದ ಮೂಲಕವೂ ಅದರ ವರದಿಗಳನ್ನು ಒದಗಿಸಿದರು. 2022ರ ಜನವರಿಯಲ್ಲಿ ಪ್ರಕಟವಾದ ಬಿಂಬವು 8,439 ಛಾಯಾಚಿತ್ರಗಳನ್ನು ಹೊಲಿದು ಮಾಡಿದ್ದು, ಅದರಲ್ಲಿ 71,700 ಕೋಟಿ ಪಿಕ್ಸೆಲ್‌ಗಳಿವೆ. ಒಂದೊಂದು ಪಿಕ್ಸೆಲ್ ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ಚಿತ್ರವನ್ನು ತೋರಿಸುತ್ತದೆ. ಬಣ್ಣದ ಒಂದೊಂದು ಕಣವನ್ನೂ ಬಿರುಕನ್ನೂ ಗುರುತಿಸಬಹುದಾದ ಈ ಬಿಂಬದ ನೆರವಿನಿಂದ, ಕಾಲಾಂತರದಲ್ಲಿ ಚಿತ್ರವು ಹೇಗೆ ಬದಲಾಗುತ್ತಿದೆಯೆಂಬುದನ್ನು ಅಳೆಯುವುದು ಸಾಧ್ಯವಾಗಿದೆ.

ಇನ್ನೊಂದು ಸ್ವಾರಸ್ಯದ ಸಂಗತಿಯೂ ಇದೆ. 1715ರಲ್ಲಿ ಈ ಚಿತ್ರವನ್ನು ಆಮ್‌ಸ್ಟರ್‌ಡ್ಯಾಮಿನ ಪುರಭವನಕ್ಕೆ ಸಾಗಿಸಿದಾಗ, ನಿಗದಿಯಾದ ಗೋಡೆಗೆ ಅದು ಹಿಡಿಸಲಿಲ್ಲವೆಂದು ನಾಲ್ಕೂ ಅಂಚುಗಳನ್ನು ಕತ್ತರಿಸಿಬಿಟ್ಟಿದ್ದರು. ಕತ್ತರಿಸಿದ ತುಂಡುಗಳು ಮತ್ತೆ ಸಿಗಲಿಲ್ಲ. ಅದೃಷ್ಟವಶಾತ್ ಗೆರಿಟ್ ಲುಂಡೆನ್ಸ್ ಎಂಬ ಚಿತ್ರಕಾರನು ಅದಕ್ಕೆ ಮೊದಲೇ ಮೂಲದ ಒಂದು ಚಿಕ್ಕ ಪ್ರತಿಯನ್ನು ಬರೆದಿದ್ದನು. ಆ ಪ್ರತಿಯನ್ನು ಆಧಾರವಾಗಿಟ್ಟುಕೊಂಡು, ರೆಂಬ್ರಾಂಟನ ಬಣ್ಣ ಹಾಗೂ ಕುಂಚದ ರೀತಿಯನ್ನು ಗಣಕಯಂತ್ರಕ್ಕೆ ಕಲಿಸಿ, ಕಳೆದುಹೋದ ಅಂಚುಗಳನ್ನು ಕೃತಕ ಬುದ್ಧಿಮತ್ತೆಯಿಂದ ಪುನಾರಚಿಸಿ 2021ರಲ್ಲಿ ಮೂರು ತಿಂಗಳ ಕಾಲ ಮೂಲಚಿತ್ರದ ಸುತ್ತ ಜೋಡಿಸಿ ತೋರಿಸಿದರು. ಎಡಭಾಗದ ಪಟ್ಟಿಯೇ ಸುಮಾರು ಎರಡು ಅಡಿ ಅಗಲವಿತ್ತು. ಆಗ ಚಿತ್ರದ ನಾಯಕರಿಬ್ಬರೂ ನಟ್ಟನಡುವೆ ನಿಂತಿರದೆ ಬಲಕ್ಕೆ ಸರಿದು, ಇಡೀ ದಳವೇ ಎಡಕ್ಕೆ ಮುನ್ನಡೆಯುತ್ತಿರುವಂತೆ ಕಂಡಿತು. ಪುನಾರಚಿತ ಭಾಗಗಳನ್ನು ಮೂಲಕ್ಕೆ ಅಂಟಿಸದೆ, ಪ್ರತ್ಯೇಕ ಫಲಕಗಳಲ್ಲಿ ಮುದ್ರಿಸಿ, ಅವಧಿ ಮುಗಿದ ಬಳಿಕ ತೆಗೆದುದು ಅವರ ವಿವೇಕವನ್ನು ತೋರಿಸುತ್ತದೆ. ಊಹೆಯನ್ನು ಊಹೆಯೆಂದೇ ತೋರಿಸುವುದು ವಿದ್ವತ್ತಿನ ಲಕ್ಷಣ.

ಅಂತೆಯೇ ಹಾಲು ಹೊಯ್ಯುವ ಸೇವಕಿಯ ಚಿತ್ರವನ್ನು ಹೊಸ ಯಂತ್ರಗಳಿಂದ ಪರೀಕ್ಷಿಸಿದಾಗ, ಆಕೆಯ ತಲೆಯ ಹಿಂದಿನ ಗೋಡೆಯಲ್ಲಿ ಹೂಜಿಗಳನ್ನು ತೂಗುಹಾಕುವ ಹಲಗೆಯೊಂದನ್ನೂ ನೆಲದ ಮೇಲೆ ಬೆಂಕಿಯ ಬುಟ್ಟಿಯೊಂದನ್ನೂ ವರ್ಮೀರನು ಮೊದಲು ಬರೆದು, ಅನಂತರ ಮರೆಮಾಡಿದ್ದನೆಂಬ ಸಂಗತಿ 2022ರಲ್ಲಿ ಪ್ರಕಟವಾಯಿತು. ಆ ಬಿಳಿಗೋಡೆಯ ಪ್ರಶಾಂತತೆಯು ಆಕಸ್ಮಿಕವಲ್ಲ, ಚಿತ್ರಕಾರನು ಒಂದೊಂದನ್ನೇ ತ್ಯಜಿಸಿ ಸಂಪಾದಿಸಿದ್ದು ಎಂಬುದು ಹೀಗೆ ಸಿದ್ಧವಾಯಿತು.

ಸಂಗೀತ, ನಾಟಕಗಳ ಪ್ರಶ್ನೆ ಬೇರೆ

ಚಿತ್ರಕಲೆಗೆ ಒಪ್ಪುವ ನೀತಿಯು ಸಂಗೀತ, ನಾಟಕಗಳಿಗೆ ಹಾಗೆಯೇ ಒಪ್ಪುವುದಿಲ್ಲ. ವರ್ಮೀರನು ಬದುಕಿಲ್ಲ; ವಾದ್ಯಗಾರನೂ ನಟನೂ ಬದುಕಿದ್ದಾರೆ, ಅವರ ಹೊಟ್ಟೆಪಾಡು ನಡೆಯಬೇಕು. ಆದುದರಿಂದ ಬರ್ಲಿನ್ ಫಿಲ್‌ಹಾರ್ಮೊನಿಕ್ ವಾದ್ಯವೃಂದವು 2008ರ ಡಿಸೆಂಬರಿನಲ್ಲಿ ತನ್ನ 'ಡಿಜಿಟಲ್ ಕಛೇರಿ ಸಭಾಂಗಣ'ವನ್ನು ಆರಂಭಿಸಿದಾಗ ಚಂದಾ ಪದ್ಧತಿಯನ್ನೇ ಇಟ್ಟಿತು. ಸಭಾಂಗಣದಲ್ಲಿಯೇ ಅಳವಡಿಸಿದ ಕ್ಯಾಮೆರಾಗಳು ಕಛೇರಿಯನ್ನು ನೇರವಾಗಿ ಲೋಕದ ಮೂಲೆಮೂಲೆಗೆ ಮುಟ್ಟಿಸುತ್ತವೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರ ಜೂನ್‌ನಲ್ಲಿ ತನ್ನ 'ಫೆದ್ರ್' ನಾಟಕವನ್ನು ಚಿತ್ರಮಂದಿರಗಳಿಗೆ ನೇರವಾಗಿ ಪ್ರಸಾರ ಮಾಡಿ ಹೊಸ ಸಂಪ್ರದಾಯವನ್ನು ಹಾಕಿತು. ಆ ಕುರಿತು ನಡೆಸಿದ ಸಮೀಕ್ಷೆಯೊಂದರಲ್ಲಿ, ರಂಗಮಂದಿರದಲ್ಲಿ ಕುಳಿತವರಿಗಿಂತ ಚಿತ್ರಮಂದಿರದಲ್ಲಿ ಕುಳಿತವರೇ ಭಾವದಲ್ಲಿ ಹೆಚ್ಚು ತಲ್ಲೀನರಾದುದಾಗಿ ಹೇಳಿಕೊಂಡುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಿತು. ನಟರ ಮುಖವು ಹತ್ತಿರದಿಂದ ಕಾಣುವುದು ಇದಕ್ಕೆ ಒಂದು ಕಾರಣವಾಗಿರಬಹುದು.

2020ರಲ್ಲಿ ಕೊರೊನಾ ಮಹಾಮಾರಿಯು ಲೋಕವನ್ನು ವ್ಯಾಪಿಸಿ ರಂಗಮಂದಿರಗಳೆಲ್ಲ ಮುಚ್ಚಿದಾಗ ಈ ಸಿದ್ಧತೆಯು ನೆರವಿಗೆ ಬಂದಿತು. ನ್ಯಾಷನಲ್ ಥಿಯೇಟರ್ ಏಪ್ರಿಲ್‌ನಿಂದ ವಾರಕ್ಕೊಂದರಂತೆ ತನ್ನ ನಾಟಕಗಳನ್ನು ಉಚಿತವಾಗಿ ತೋರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಶುಲ್ಕದ ಶಾಶ್ವತ ವ್ಯವಸ್ಥೆಗೆ ತಿರುಗಿತು. ಆದರೆ ಹಿಂದಿನಿಂದಲೂ ಮುದ್ರಿಸಿಟ್ಟುಕೊಂಡವರು ಮಾತ್ರ ಹೀಗೆ ಕೊಡಬಲ್ಲವರಾದರು. ಆ ವರ್ಷದ ಮೇ ತಿಂಗಳಲ್ಲಿ ಯುನೆಸ್ಕೊ ಪ್ರಕಟಿಸಿದ ವರದಿಯಂತೆ ಲೋಕದ ಸಂಗ್ರಹಾಲಯಗಳಲ್ಲಿ ಶೇಕಡ 90ರಷ್ಟು, ಎಂದರೆ 85,000ಕ್ಕೂ ಹೆಚ್ಚು, ಬಾಗಿಲು ಮುಚ್ಚಿದ್ದುವು. ಆಫ್ರಿಕದಲ್ಲಿಯೂ ಸಣ್ಣ ದ್ವೀಪರಾಷ್ಟ್ರಗಳಲ್ಲಿಯೂ ಅಂತರ್ಜಾಲದ ಮೂಲಕ ಜನರಿಗೆ ಏನನ್ನಾದರೂ ಕೊಡಲು ಶಕ್ತವಾದವು ಶೇಕಡ 5 ಮಾತ್ರ. ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರವು ಈ ಕ್ಷೇತ್ರದಲ್ಲಿಯೂ ಎಷ್ಟು ದಾರುಣವಾದುದೆಂಬುದಕ್ಕೆ ಈ ಅಂಕಿಗಳೇ ಸಾಕು.

ಬಿಂಬದ ಮಿತಿಗಳು

2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಬೆಂಕಿ ಬಿದ್ದಿತು. ಸ್ಥಾಪನೆಯಾಗಿ ಸರಿಯಾಗಿ ಇನ್ನೂರು ವರ್ಷಗಳಾಗಿದ್ದ ಆ ಸಂಸ್ಥೆಯ ಸುಮಾರು ಎರಡು ಕೋಟಿ ವಸ್ತುಗಳಲ್ಲಿ ಬಹುಪಾಲು ಒಂದೇ ರಾತ್ರಿಯಲ್ಲಿ ಭಸ್ಮವಾಯಿತು. ಆ ದೇಶದ ಮೂಲನಿವಾಸಿಗಳ ಭಾಷೆಗಳ ಧ್ವನಿಮುದ್ರಿಕೆಗಳೂ ಅದರಲ್ಲಿದ್ದುವು. ಅವುಗಳಲ್ಲಿ ಕೆಲವು ಭಾಷೆಗಳನ್ನು ಆಡುವವರೇ ಉಳಿದಿರಲಿಲ್ಲ. ಮರುದಿನವೇ ಅಲ್ಲಿನ ವಿದ್ಯಾರ್ಥಿಗಳು, ಹಿಂದೆ ಸಂಗ್ರಹಾಲಯವನ್ನು ನೋಡಲು ಬಂದಿದ್ದವರು ತೆಗೆದಿಟ್ಟ ಛಾಯಾಚಿತ್ರಗಳನ್ನಾದರೂ ಕಳುಹಿಸಿಕೊಡಬೇಕೆಂದು ಲೋಕಕ್ಕೆ ಮೊರೆಯಿಟ್ಟರು. ಸಂಸ್ಥೆಯು ತಾನು ಮಾಡಬೇಕಾಗಿದ್ದ ಕೆಲಸದ ಅಲ್ಪಾಂಶವನ್ನು ದಾರಿಹೋಕರ ಕ್ಯಾಮೆರಾಗಳಿಂದ ಸಂಗ್ರಹಿಸಬೇಕಾಗಿ ಬಂದ ಈ ದೃಶ್ಯವು ಹೃದಯವಿದ್ರಾವಕವಾದುದು. ಬಿಂಬವು ಮೂಲಕ್ಕೆ ಸಮನಲ್ಲ, ನಿಜ. ಆದರೆ ಮೂಲವೇ ಅಳಿದ ದಿನ ಬಿಂಬವೇ ಸರ್ವಸ್ವವಾಗುತ್ತದೆ.

ಹಾಗೆಂದು ಡಿಜಿಟಲ್ ಭಂಡಾರವು ಅವಿನಾಶಿಯೆಂದು ಭಾವಿಸುವುದೂ ತಪ್ಪು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಗ್ರಂಥಾಲಯದ ಗಣಕಜಾಲಕ್ಕೆ ಕಳ್ಳರು ನುಗ್ಗಿ, ಕಡತಗಳನ್ನು ಅಪಹರಿಸಿ, ಒತ್ತೆಹಣಕ್ಕಾಗಿ ಬೇಡಿಕೆಯಿಟ್ಟರು. ಗ್ರಂಥಾಲಯವು ಹಣ ಕೊಡಲು ಒಪ್ಪಲಿಲ್ಲ. ಕಪಾಟುಗಳಲ್ಲಿ ಪುಸ್ತಕಗಳೆಲ್ಲ ಭದ್ರವಾಗಿದ್ದರೂ ಅವುಗಳ ಮುಖ್ಯ ಸೂಚಿಯೇ ಎರಡೂವರೆ ತಿಂಗಳ ಕಾಲ ಅಂತರ್ಜಾಲದಲ್ಲಿ ಲಭ್ಯವಿಲ್ಲದಂತಾಗಿ, 2024ರ ಜನವರಿಯ ನಡುವಿನಲ್ಲಿ ಭಾಗಶಃ ಹಿಂದಿರುಗಿತು. ಡಿಜಿಟಲ್ ಕಡತಗಳ ಕನಿಷ್ಠ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿಯಾದರೂ ಬೇರೆ ಊರಿನಲ್ಲಿರಬೇಕೆಂಬುದು ತಜ್ಞರು ಸಾಮಾನ್ಯವಾಗಿ ಹೇಳುವ ಸೂತ್ರ. ತಾಳೆಗರಿಯು ಒಣಗಿದ ಸ್ಥಳದಲ್ಲಿ ತಾನಾಗಿಯೇ ಶತಮಾನಗಳ ಕಾಲ ಉಳಿದೀತು. ಡಿಜಿಟಲ್ ಕಡತವನ್ನಾದರೋ ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ, ಹೊಸ ಕ್ರಮಕ್ಕೆ ವರ್ಗಾಯಿಸದಿದ್ದರೆ ಅದನ್ನು ಓದಬಲ್ಲ ಯಂತ್ರವೇ ಲೋಕದಲ್ಲಿ ಉಳಿಯದೆ ಹೋಗಬಹುದು.

ಮತ್ತೊಂದು ಮಿತಿಯು ನೈತಿಕವಾದುದು. ರೈಕ್ಸ್‌ಮ್ಯೂಸಿಯಂನ ಎಲ್ಲ ವಸ್ತುಗಳೂ ನ್ಯಾಯವಾಗಿ ಬಂದವಲ್ಲ. 1765ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವು ಸಿಂಹಳದ ಕ್ಯಾಂಡಿಯ ಅರಮನೆಯನ್ನು ಕೊಳ್ಳೆಹೊಡೆದು ತಂದ, ಚಿನ್ನ ಬೆಳ್ಳಿ ಮಾಣಿಕ್ಯಗಳಿಂದ ಅಲಂಕೃತವಾದ ಫಿರಂಗಿಯೊಂದು ಅಲ್ಲಿದ್ದಿತು. ಅದರ ಬಿಂಬವು ಅಂತರ್ಜಾಲದಲ್ಲಿ ಎಲ್ಲರಿಗೂ ಲಭ್ಯವಾಗಿದ್ದರೂ ಶ್ರೀಲಂಕೆಯ ಜನರ ಬೇಡಿಕೆಗೆ ಅದು ಉತ್ತರವಾಗಲಿಲ್ಲ. 2023ರಲ್ಲಿ ಡಚ್ ಸರಕಾರವು ಇಂಡೊನೇಷ್ಯ ಹಾಗೂ ಶ್ರೀಲಂಕೆಗಳಿಗೆ 478 ವಸ್ತುಗಳನ್ನು ಹಿಂದಿರುಗಿಸಲು ನಿರ್ಧರಿಸಿದಾಗ ಆ ಫಿರಂಗಿಯೂ ತನ್ನ ನಾಡಿಗೆ ಮರಳಿತು. ಬಿಂಬವನ್ನು ಹಂಚಿದುದರಿಂದ ವಸ್ತುವಿನ ಋಣವು ತೀರದು ಎಂಬ ಎಚ್ಚರವನ್ನು ಈ ಪ್ರಸಂಗವು ಕೊಡುತ್ತದೆ.

ಉಪಸಂಹಾರ

ಈ ನಿದರ್ಶನಗಳಿಂದ ಕಲಾಸಂಸ್ಥೆಗಳಿಗೆ ದೊರೆಯುವ ಪಾಠವು ಸ್ಪಷ್ಟವಾಗಿದೆ. ಹಣವನ್ನು ಕೊಟ್ಟರೆ ಕೊಟ್ಟವನ ಗಂಟು ಕರಗುತ್ತದೆ. ವಿದ್ಯೆಯನ್ನು ಕೊಟ್ಟರೆ ಕೊಟ್ಟವನ ವಿದ್ಯೆ ಬೆಳೆಯುತ್ತದೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಡಿಜಿಟಲ್ ಬಿಂಬವು ವಿದ್ಯೆಯ ಜಾತಿಗೆ ಸೇರಿದುದು, ಗಂಟಿನ ಜಾತಿಗೆ ಸೇರಿದುದಲ್ಲ. ಇದನ್ನರಿತು ಕೈಬಿಚ್ಚಿ ಕೊಟ್ಟ ರೈಕ್ಸ್‌ಮ್ಯೂಸಿಯಂ ತನ್ನ ಕೀರ್ತಿಯನ್ನೂ ಪ್ರೇಕ್ಷಕರನ್ನೂ ಹೆಚ್ಚಿಸಿಕೊಂಡಿತು.

ಅಧ್ಯಾಪಕರಿಗೆ ಇದರಿಂದ ನೇರವಾದ ಪ್ರಯೋಜನವುಂಟು. ಹಳ್ಳಿಯ ಶಾಲೆಯ ಚಿತ್ರಕಲಾ ಶಿಕ್ಷಕರು ಇಂದು ವರ್ಮೀರನ ಚಿತ್ರವನ್ನು ಯಾರ ಅಪ್ಪಣೆಯೂ ಇಲ್ಲದೆ, ಕಾಸೊಂದನ್ನೂ ತೆರದೆ ಇಳಿಸಿಕೊಂಡು ಮಕ್ಕಳಿಗೆ ತೋರಿಸಬಹುದು. ಹಳದಿಗಟ್ಟಿದ ಪ್ರತಿಯನ್ನು ಬಿಟ್ಟು ಸಂಗ್ರಹಾಲಯವೇ ಕೊಟ್ಟ ಶುದ್ಧ ಪ್ರತಿಯನ್ನು ಆರಿಸಿಕೊಳ್ಳುವ ವಿವೇಚನೆಯನ್ನೂ ಅದರೊಡನೆ ಕಲಿಸಬಹುದು. ದಾನಿಗಳಿಗಾದರೋ ಒಂದು ಚಿಂತನೆಯ ವಿಷಯವಿದೆ. ಕಟ್ಟಡಕ್ಕೆ ಕೊಟ್ಟ ದಾನವು ಕಲ್ಲಿನ ಫಲಕದಲ್ಲಿ ಕಾಣುತ್ತದೆ. ಕಡತಗಳಿಗೆ ವಿವರಣೆ ಬರೆಯುವವನ ಸಂಬಳಕ್ಕೆ, ಪ್ರತಿಗಳನ್ನು ಬೇರೊಂದು ಊರಿನಲ್ಲಿ ಕಾಪಿಡುವ ವೆಚ್ಚಕ್ಕೆ ಕೊಟ್ಟ ದಾನವು ಯಾವ ಫಲಕದಲ್ಲಿಯೂ ಕಾಣುವುದಿಲ್ಲ. ಆದರೆ ಬೆಂಕಿ ಬಿದ್ದ ಮರುದಿನ ಉಳಿದಿರುವುದು ಎರಡನೆಯ ದಾನದ ಫಲವೇ ಎಂಬುದನ್ನು ಬ್ರೆಜಿಲ್ಲಿನ ಬೂದಿಯು ಸಾರಿ ಹೇಳುತ್ತಿದೆ.